‘ದೊಡ್ಡಾಕಿ’ ಆದ ವರ್ಷವನ್ನು ಪುಸ್ತಕಕ್ಕೆ ಕೊಟ್ಟದ್ದು

ನೆನಪಿನ ಬರಹಗಳ ಸಂಕಲನಕ್ಕೆ ಬರೆಯಿರಿ ಅಂತ ವಾಟ್ಸಾಪಿಗೆ ಬಂದ ಆಹ್ವಾನದಲ್ಲಿ ಇದ್ದದ್ದು ಇಷ್ಟು: ವಿಷಯ ಹರೆಯಕ್ಕೆ ಕಾಲಿಟ್ಟ ಕಾಲ, ಗದ್ಯ ಮಾತ್ರ, 1,800 ಪದ ಮೀರಬಾರದು, ಯೂನಿಕೋಡ್‌ನಲ್ಲಿ ಟೈಪ್ ಮಾಡಿರಬೇಕು, ಐದು ಸಾಲಿನ ಪರಿಚಯ, ಒಂದು ಫೋಟೊ, ಆಯ್ಕೆಯಾದರೆ 1,200 ರೂಪಾಯಿ ವಂತಿಗೆ. ಬಾಗಲಕೋಟೆ, ವಿದ್ಯಾಗಿರಿ, ಮುಳುಗಡೆಯಾದವರಿಗೆ ಕಟ್ಟಿದ ನವನಗರದ ಒಂದಿಷ್ಟು ಮಂದಿ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ, ಬರೆದದ್ದನ್ನು ಓದಿ, ಚುರುಮುರಿ ಮಿರ್ಚಿ ತಿಂದು ಏಳುವ ಬಳಗ ನಮ್ಮದು. ಪುಸ್ತಕ ಮಾಡುವ ಕೆಲಸ ನಮಗ್ಯಾರಿಗೂ ಗೊತ್ತಿರಲಿಲ್ಲ. ಮೊನ್ನೆ ಪ್ರತಿಗಳು ಕೈಗೆ ಬಂದ ಮೇಲೆ ಇಳಕಲ್‌ನ ಬಳಗದವರೊಬ್ಬರು ಫೋನ್ ಮಾಡಿ, ‘ನಾವೂ ಇಂಥದ್ದೊಂದು ತರಬೇಕಂತ ಮಾಡೇವಿ, ಏನೇನು ಆತು ಸ್ವಲ್ಪ ಹೇಳ್ರಿ’ ಅಂದರು. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಹ್ವಾನದಲ್ಲಿ ಇಲ್ಲದ ಮಾತುಗಳೇ ಆಮೇಲೆ ನಮ್ಮನ್ನು ಕಾಡಿದ್ದು. ಬರಹದ ಹಕ್ಕು ಯಾರದು? ತಿದ್ದುವವರು ಯಾರು, ತಿದ್ದಿದ ಮೇಲೆ ನಮಗೆ ತೋರಿಸುತ್ತಾರೋ ಇಲ್ಲವೋ? ವಂತಿಗೆಗೆ ಎಷ್ಟು ಪ್ರತಿ ಕೊಡುತ್ತಾರೆ? ನಮ್ಮ ಬರಹದೊಳಗೆ ಬರುವ, ಈಗಲೂ ನಮ್ಮ ನಡುವೆ ಬದುಕಿರುವ ಮಂದಿಯ ಒಪ್ಪಿಗೆ ಕೇಳಬೇಕೋ ಬೇಡವೋ? ಕೊನೆಯ ಪ್ರಶ್ನೆಯನ್ನು ಯಾವ ಆಹ್ವಾನವೂ ಎತ್ತುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಅದೇ.

ನನ್ನ ಹರೆಯವೂ ಊರಿನ ಮುಳುಗಡೆಯೂ ಕೂಡಿಯೇ ಬಂದವು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಂದಿನಿಂದ ನಮ್ಮ ಅಜ್ಜಿಯ ತಲೆಮಾರು ‘ನೀರು ಬರ್ತದಂತ’ ಅಂತ ಕೇಳುತ್ತಲೇ ಇತ್ತು. ಕೇಳಿ ಕೇಳಿ ಯಾರೂ ನಂಬದಂತಾಗಿತ್ತು. 2000ದಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಬಹುದು ಅಂತ ಸುಪ್ರೀಂ ಕೋರ್ಟು ಹೇಳಿತು. ನಾನಾಗ ಎಂಟನೆತ್ತೆ, ಅಂದರೆ ಎಂಟನೆಯ ತರಗತಿ. ಸಮುದ್ರಮಟ್ಟದಿಂದ ಅಳೆಯುವ ಈ ಸಂಖ್ಯೆಯನ್ನು ನಮ್ಮ ಓಣಿಯ ಅಕ್ಷರ ಬಾರದ ಮುದುಕರೂ ಬಾಯಿಪಾಠ ಹೇಳುತ್ತಿದ್ದರು. ಮನೆ ಅಳೆಯುವವರು ಟೇಪು ಹಿಡಿದು ಬಂದು ತೊಲೆ, ಕಂಬ, ಬಾಗಿಲು, ಕಿಟಕಿ ಎಲ್ಲ ಬರೆದುಕೊಂಡು ಹೋಗುವ ಹೊತ್ತು ಅದು. ಅವರು ನಮ್ಮ ಮನೆಗೆ ಬಂದಾಗ ನನ್ನನ್ನು ಹಿತ್ತಲ ಕೋಣೆಯಲ್ಲಿ ಬೇರೆ ಕೂರಿಸಿದ್ದರು. ದೊಡ್ಡಾಕಿ ಆಗಿದ್ದೆ, ಅಂದರೆ ಮೊದಲ ಸಲ ಮುಟ್ಟಾಗಿದ್ದೆ. ಅಜ್ಜಿ ಆ ಕೋಣೆಯ ಬಾಗಿಲಿಗೆ ಅಡ್ಡ ನಿಂತು, ‘ಇದೊಂದು ಖೋಲಿ ಬಿಟ್ಟು ಉಳಿದದ್ದು ಅಳೀರಿ, ಆರತಿ ಆದಮ್ಯಾಲೆ ಬರ್ರಿ’ ಅಂದಳು. ಸರಕಾರದ ಟೇಪಿಗೆ ಆರತಿಗೀರತಿ ಗೊತ್ತಿಲ್ಲ. ಅವರು ಹೊರಗಿನಿಂದಲೇ ಗೋಡೆ ಅಳೆದುಕೊಂಡು ಹೋದರು.

ಇದು ನನ್ನ ನೆನಪು. ಕೊಡಬೇಕೆಂದಿದ್ದ ಬರಹ ಇದರ ಮೇಲೆಯೇ ನಿಂತಿತ್ತು. ಅಕ್ಕನಿಗೆ ಓದಿ ಹೇಳಿದರೆ ಆಕೆ, ‘ಅಜ್ಜಿ ಬಾಗಲಾ ಬಿಟ್ಟಿದ್ಲು, ಅವ್ರು ಒಳಗ ಬಂದಿದ್ರು, ನಿನಗ ಚಾದರ ಹೊಚ್ಚಿ ಕುಂದ್ರಿಸಿದ್ವಿ’ ಅಂದಳು. ಇಬ್ಬರೂ ಜಗ್ಗಾಡಿದೆವು. ಕೊನೆಗೆ ಅಪ್ಪನ ಟ್ರಂಕಿನಿಂದ ಮುಳುಗಡೆಯ ಫೈಲು ಹೊರಗೆ ಬಂತು: ನೋಟಿಸು, ಪರಿಹಾರದ ಹಾಳೆ, ನವನಗರದ ನಿವೇಶನದ ಹಕ್ಕುಪತ್ರ, ಮನೆಯ ಅಳತೆಯ ನಕಲು. ನಕಲಿನಲ್ಲಿ ಎಲ್ಲ ಕೋಣೆಗಳಿಗೂ ಒಳ ಅಳತೆ, ಹೊರ ಅಳತೆ ಎರಡೂ ಇವೆ. ಹಿತ್ತಲ ಕೋಣೆಗೆ ಹೊರ ಅಳತೆ ಮಾತ್ರ. ಅಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಇರಲಿ ಬಿಡು’ ಅಂದಳು, ಸೋತೆ ಅನ್ನಲಿಲ್ಲ. ಇಂಥ ಬರಹಕ್ಕೆ ಕೂರುವವರಿಗೆ ಒಂದು ಮಾತು: ಹಳೆಯ ರೇಷನ್ ಕಾರ್ಡು, ಶಾಲೆಯ ದಾಖಲೆ, ನೋಟಿಸು, ಫೋಟೊದ ಹಿಂಬದಿಯ ತಾರೀಖು ಇವನ್ನೆಲ್ಲ ಬರೆಯುವ ಮೊದಲೇ ಹುಡುಕಿ ಇಟ್ಟುಕೊಳ್ಳಿ. ನೆನಪಿನ ಬರಹಕ್ಕೆ ಪುರಾವೆ ಯಾಕೆ ಅನ್ನಬೇಡಿ. ಸಂಪಾದಕರು ಕೇಳದಿದ್ದರೂ ಮನೆಯವರು ಕೇಳುತ್ತಾರೆ.

ಇನ್ನು ಅವ್ವ. ಆಕೆಯ ಒಪ್ಪಿಗೆ ಇಲ್ಲದೆ ಕಳಿಸುವುದಿಲ್ಲ ಅಂತ ನಿಶ್ಚಯ ಮಾಡಿದ್ದೆ. ಮೊದಲನೆಯ ಮುಟ್ಟು, ಕೋಣೆ, ಬಟ್ಟೆ, ಆರತಿಗೆ ಬಂದ ಹೆಣ್ಣುಮಕ್ಕಳ ಸೋಬಾನೆ ಪದ, ಗುಳೇದಗುಡ್ಡದ ಖಣ, ಉಡಿಗೆ ಹಾಕಿದ ಕೊಬ್ಬರಿ ಬಟ್ಟಲು ಇದನ್ನೆಲ್ಲ ಬರೆದಿದ್ದೇನೆ ಅಂದರೆ ಆಕೆ ಒಪ್ಪಲಿಕ್ಕಿಲ್ಲ ಅನ್ನಿಸಿತ್ತು. ಹೆಂಗ ಹೇಳಲಿ ಅಂತ ಮುಂದೆ ಹಾಕುತ್ತ ಹೋದೆ. ಒಂದು ಸಂಜೆ ಅವರೆಕಾಯಿ ಸುಲಿಯುತ್ತ ಕೂತಾಗ ಪೂರ್ತಿ ಓದಿದೆ. ಕೈ ನಿಲ್ಲಿಸದೆ ಕೇಳಿದಳು.

‘ದೊಡ್ಡಾಕಿ ಆಗಿದ್ದು ಬರಿ, ಅದೇನ ಲೋಕಕ್ಕ ಹೊಸಾದಲ್ಲ. ನಿಮ್ಮ ಕಾಕಾನ ಕೂಡ ಆದ ರೊಕ್ಕದ ಜಗಳಾ ಮಾತ್ರ ತಗದು ಹಾಕು.’

ನಾನು ಹೆದರಿದ್ದೆಲ್ಲ ಒಂದು ಕಡೆ, ಆಕೆಗೆ ನೋವಾಗುವುದು ಇನ್ನೊಂದು ಕಡೆ. ಪರಿಹಾರದ ದುಡ್ಡು ಹಂಚುವಾಗ ಅಪ್ಪ ಮತ್ತು ಕಾಕಾ ಮಾತು ಬಿಟ್ಟದ್ದು ನನ್ನ ಬರಹದಲ್ಲಿ ನಾಲ್ಕೇ ಸಾಲಿತ್ತು. ಆ ನಾಲ್ಕು ಸಾಲು ಅವ್ವನಿಗೆ ಇನ್ನೂ ಹಸಿ. ಕಾಕಾ ಈಗಲೂ ಹಬ್ಬಕ್ಕೆ ಬರುತ್ತಾನೆ, ಹೋಳಿಗೆ ಉಂಡು ಹೋಗುತ್ತಾನೆ. ತೆಗೆದು ಹಾಕಿದೆ. ಬರಹ ಸೊರಗಿತೇ ಅಂತ ಕೇಳಿದರೆ, ಸ್ವಲ್ಪ ಸೊರಗಿತು. ಊರು ಮುಳುಗಿದಾಗ ಏನೇನು ಒಡೆಯಿತು ಅನ್ನುವುದಕ್ಕೆ ಅದೊಂದೇ ಗಟ್ಟಿ ಸಾಕ್ಷಿಯಾಗಿತ್ತು. ಆದರೆ ಜಗಳ ಆಡಿದವರು ಅವರು, ಅದನ್ನು ಮುಚ್ಚಿ ಮನೆ ನಡೆಸಿದಾಕೆ ಅವ್ವ. ಹರೆಯ ನನ್ನದಾದರೂ ಆ ನಾಲ್ಕು ಸಾಲು ನನ್ನವಲ್ಲ ಅನ್ನಿಸಿತು.

ಇನ್ನೊಬ್ಬಳು ಗೆಳತಿ. ಅದೇ ವರ್ಷ ಆಕೆಯೂ ದೊಡ್ಡಾಕಿ ಆದಳು. ನನಗೆ ಆರತಿ ಮುಗಿದ ಮೇಲೆ ಮತ್ತೆ ಸಾಲಿ. ಆಕೆಗೆ ಆರತಿ ಮುಗಿದ ಮೇಲೆ ಮನೆ, ಮುಂದೆ ಸ್ವಲ್ಪ ದಿನಕ್ಕೆ ಲಗ್ನ. ‘ಊರೇ ಚದರತದ, ನಾಳೆ ಯಾವ ಸೆಕ್ಟರಿನಾಗ ಯಾರ ಬಾಜು ಮನಿ ಬರ್ತದೋ, ಹುಡುಗಿನ್ನ ಒಂದು ದಂಡಿಗೆ ಹಚ್ಚಿಬಿಡೂನು’ ಅಂದಿದ್ದರಂತೆ ಆಕೆಯ ಮನೆಯವರು. ನೀರು ಹುಡುಗಿಯರ ವಯಸ್ಸನ್ನೂ ಎಷ್ಟು ಬೇಗ ಏರಿಸಿತು ಅನ್ನುವುದು ಯಾವ ಅಳತೆಯ ಹಾಳೆಯಲ್ಲೂ ಇಲ್ಲ. ನನ್ನ ಬರಹದ ಜೀವ ಇದ್ದದ್ದು ಅಲ್ಲಿ. ಆಕೆಯನ್ನು ಕೇಳದೆ ಅದನ್ನು ಅಚ್ಚಿಗೆ ಕೊಡುವುದು ಹೇಗೆ? ನಂಬರು ಸಿಗುವುದೇ ಒಂದು ಕೆಲಸವಾಯಿತು. ಸಿಕ್ಕ ಮೇಲೆ ‘ನಿನ್ನ ಬಗ್ಗೆ ಸ್ವಲ್ಪ ಬರದೀನಿ’ ಅಂತ ಸಾರಾಂಶ ಹೇಳುವುದು ಬೇಡ ಅನ್ನಿಸಿ, ಆಕೆ ಬರುವ ಪ್ಯಾರಾಗಳನ್ನು ಅಕ್ಷರಶಃ ಓದಿದೆ. ಆಕೆ ಅಡ್ಡ ಮಾತಾಡದೆ ಕೇಳಿ ಮೂರು ಮಾತು ಹೇಳಿದಳು. ಹೆಸರು ಬದಲಿ ಮಾಡು. ಓಣಿ ಬದಲಿ ಮಾಡಬ್ಯಾಡ, ‘ಆ ಓಣಿನ ಇಲ್ಲ ಈಗ, ಯಾರ ಹುಡುಕ್ಯಾಡತಾರ ನನ್ನ?’ ಮೂರನೆಯದು: ‘ಲಗ್ನದ ದಿನ ನಾ ಅತ್ತೆ ಅಂತ ಬರದೀ. ನಾ ಅತ್ತಿಲ್ಲ. ನೀ ಅತ್ತಿ. ನನಗ ಹೊಸಾ ಸೀರಿ ಖುಷಿ ಇತ್ತು.’

ಹಾಗೆಯೇ ತಿದ್ದಿದೆ. ಬರಹ ಅದರಿಂದ ಮೇಲಾಯಿತು, ಇದರಲ್ಲಿ ನನಗೆ ಸಂಶಯವಿಲ್ಲ. ಒಪ್ಪಿಗೆಯನ್ನು ಆಕೆಯಿಂದ ವಾಟ್ಸಾಪಿನಲ್ಲಿ ಒಂದು ಧ್ವನಿ ಸಂದೇಶವಾಗಿ ತರಿಸಿ ಇಟ್ಟುಕೊಂಡೆ. ವಕೀಲರ ಕಾಗದ ಬೇಕಿಲ್ಲ, ಆದರೆ ನಾಳೆ ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಏನಾದರೂ ಇರಲಿ.

ಟೈಪಿಂಗಿನ ಕತೆ ಬೇಗ ಮುಗಿಸುತ್ತೇನೆ. ನಾನು ಬರೆದದ್ದು ಫೋನಿನಲ್ಲಿ, ರಾತ್ರಿ. ಧ್ವನಿಯಿಂದ ಟೈಪ್ ಮಾಡಲು ಹೋದರೆ ನಮ್ಮ ಕಡೆಯ ಮಾತು ಅದಕ್ಕೆ ಹತ್ತುವುದಿಲ್ಲ. ಅಜ್ಜಿಯ ಮಾತುಗಳನ್ನೆಲ್ಲ ಅದು ಬೇರೆ ಏನೇನೋ ಮಾಡಿಟ್ಟಿತು. ಯೂನಿಕೋಡ್ ಬೇಕು ಅಂತ ಕೇಳಿ ತರಿಸಿಕೊಂಡರೂ ಪುಟ ಕಟ್ಟುವವರು ಅದನ್ನು ಮತ್ತೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿಗೆ ಬದಲಿಸಿಕೊಂಡರು, ಅವರ ಪೇಜ್‌ಮೇಕರ್ ಹಳೆಯದು. ಹೀಗೆ ಬದಲಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಒಡೆಯುತ್ತದೆ, ಇಂಗ್ಲಿಷ್ ಅಂಕಿಗಳು ಕನ್ನಡ ಅಂಕಿಗಳಾಗುತ್ತವೆ, ಕೆಲವು ಉದ್ಧರಣ ಚಿಹ್ನೆ ಮಾಯವಾಗುತ್ತವೆ. ವರ್ಡ್ ಫೈಲಿನ ಜೊತೆಗೆ ಪಿಡಿಎಫ್ ಕೂಡ ಕಳಿಸಿ. ಮೂಲ ಹೇಗಿತ್ತು ಅನ್ನುವುದಕ್ಕೆ ಆಮೇಲೆ ಅದೊಂದೇ ಆಧಾರ.

ಮಹಾನವಮಿಯ ಹೊತ್ತಿಗೆ ಕಳಿಸಿದ್ದು. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚುವಾಗಲೂ ಉತ್ತರ ಇಲ್ಲ. ಗುಂಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರ, ಶುಭೋದಯ, ಯಾರದೋ ಹುಟ್ಟುಹಬ್ಬ. ಬರಹದ ಸುದ್ದಿ ಮಾತ್ರ ಇಲ್ಲ. ಕೇಳಿದರೆ ಆತುರ ಅಂದಾರು, ಕೇಳದಿದ್ದರೆ ನಿದ್ದಿ ಬರವಲ್ಲದು. ನಮ್ಮ ಮನೆಯವರು, ‘ಪರಿಹಾರದ ಚೆಕ್ಕಿಗೂ ನಿಮ್ಮ ಮಂದಿ ಹಿಂಗ ಕಾದಿದ್ರೇನು?’ ಅಂತ ನಗುತ್ತಿದ್ದರು. ಆ ನಗು ನನಗೆ ಹಿತವಾಗಲಿಲ್ಲ.

ಕಡೆಗೆ ಆಯ್ಕೆಯಾದ ಬರಹಗಳನ್ನು ಕೂತು ಓದುವ ಸಭೆ ಕರೆದರು. ನನ್ನದಕ್ಕೆ ಬಂದ ಆಕ್ಷೇಪಗಳಲ್ಲಿ ಮೊದಲನೆಯದು ನಿರೀಕ್ಷಿತ: ಕೊನೆಗೆ ಸ್ವಲ್ಪ ಆಶಾದಾಯಕವಾಗಿ ಮುಗಿಸಿರಿ. ನವನಗರದಲ್ಲಿ ಅಗಲವಾದ ರಸ್ತೆ, ಸಾಲಾಗಿ ಗಿಡ, ಒಳ್ಳೆ ಸಾಲಿ ಬಂದವಲ್ಲ, ಅದನ್ನೂ ಹೇಳಿರಿ ಅಂದರು. ಬಂದವು ನಿಜ. ಆದರೆ ನನ್ನ ಗೆಳತಿಗೆ ಆ ಸಾಲಿ ಬರಲಿಲ್ಲವಲ್ಲ. ಮುಗಿತಾಯ ಬದಲಿಸಲಿಲ್ಲ.

ಎರಡನೆಯದು ನಿಜಕ್ಕೂ ಯೋಚನೆಗೆ ಹಚ್ಚಿತು. ಹಿರಿಯರೊಬ್ಬರು ಕೇಳಿದರು: ‘ನೀವು ಲಿಂಗಾಯತರು. ಶರಣರು ಪಂಚಸೂತಕ ಅಲ್ಲಗಳೆದಾರ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಐದೂ ಇಲ್ಲ ನಮಗ. ಹಂಗಿದ್ದ ಮ್ಯಾಲೆ ನಿಮ್ಮನ್ನ ಬ್ಯಾರೆ ಕೂರಿಸಿದ್ರು ಅಂತ ಬರದ್ರ ಓದಿದವ್ರು ಏನ ತಿಳ್ಕೋಬೇಕು?’ ಸಭೆ ಎರಡು ಪಾಲಾಯಿತು. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ. ಬಸವಣ್ಣನವರ ಐಕ್ಯಸ್ಥಳಕ್ಕೆ ಹಿನ್ನೀರು ತಾಗಬಾರದೆಂದು ಸುತ್ತ ಎತ್ತರದ ಗೋಡೆ ಎಬ್ಬಿಸಿ ಉಳಿಸಿಕೊಂಡಿದ್ದೇವೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮ ಅಜ್ಜಿ ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಬರುತ್ತಿದ್ದಳು. ಅದೇ ಅಜ್ಜಿ ನನ್ನ ಚಾಪೆ, ತಂಬಿಗೆ ಬೇರೆ ಇಟ್ಟಳು. ಎರಡೂ ನಿಜ. ಒಂದನ್ನು ಮುಚ್ಚಿ ಇನ್ನೊಂದನ್ನು ಬರೆದರೆ ಅಜ್ಜಿಯೇ ಸುಳ್ಳಾಗುತ್ತಾಳೆ. ಹಿರಿಯರ ಮಾತನ್ನೇ ಒಂದು ವಾಕ್ಯವಾಗಿ ಬರಹದೊಳಗೆ ಸೇರಿಸಿದೆ: ಶರಣರು ಬೇಡ ಅಂದದ್ದು ನಮ್ಮ ಹಿತ್ತಲ ಕೋಣೆಯವರೆಗೆ ಬಂದಿರಲಿಲ್ಲ ಅಂತ. ಅವರು ಓದಿ ತಲೆ ಆಡಿಸಿದರು. ಒಪ್ಪಿದರೋ, ಬೇಸತ್ತರೋ!

ಮೂರನೆಯದು ಭಾಷೆ. ನಿರೂಪಣೆ ಗ್ರಂಥದ ಕನ್ನಡ, ಸಂಭಾಷಣೆ ನಮ್ಮ ಕಡೆಯದು, ಹೀಗೆ ಬರೆದಿದ್ದೆ. ಕರಡು ತಿದ್ದಿದವರು ಅಜ್ಜಿಯ ಬಾಯಲ್ಲೂ ಪಠ್ಯಪುಸ್ತಕದ ಕನ್ನಡ ತುರುಕಿದ್ದರು. ನಮ್ಮ ಅಜ್ಜಿ ‘ಬನ್ನಿ, ಕುಳಿತುಕೊಳ್ಳಿ’ ಅಂದದ್ದನ್ನು ಯಾರಾದರೂ ಕೇಳಿದ್ದರೆ ಆಕೆಗೆ ಜ್ವರ ಬಂದಿದೆ ಅಂತ ತಿಳಿಯುತ್ತಿದ್ದರು. ಇಲ್ಲಿ ನಾನು ಬಗ್ಗಲಿಲ್ಲ. ಗೊತ್ತಿರಲಿ: ಹಕ್ಕುಸ್ವಾಮ್ಯ ಕಾಯ್ದೆ, 1957ರ 57ನೆಯ ಕಲಮಿನ ಪ್ರಕಾರ ಬರಹದ ಹಕ್ಕನ್ನು ಬರೆದುಕೊಟ್ಟ ಮೇಲೂ ಅದು ತನ್ನದು ಅಂತ ಹೇಳಿಕೊಳ್ಳುವ ಹಕ್ಕು ಲೇಖಕರಿಗೆ ಉಳಿಯುತ್ತದೆ, ತಮ್ಮ ಹೆಸರಿಗೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕೂ ಉಳಿಯುತ್ತದೆ. ಕಾಯ್ದೆಯ ಹೆಸರು ತೆಗೆಯುವ ಪ್ರಸಂಗ ಬರಲಿಲ್ಲ. ಅಜ್ಜಿಯ ಮಾತನ್ನು ಎರಡೂ ಬಗೆಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು, ಅಲ್ಲಿಗೆ ಮುಗಿಯಿತು.

ಕಾಯ್ದೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಪ್ಪಂದದ ಹಾಳೆ ಕೈಗೆ ಬಂದಾಗ. ಪ್ರಕಾಶನದವರು ಕಳಿಸಿದ ಒಂದು ಪುಟ, ಅದರಲ್ಲಿ ‘ಸದರಿ ಬರಹದ ಎಲ್ಲ ಹಕ್ಕುಗಳನ್ನು ಪ್ರಕಾಶಕರಿಗೆ ಶಾಶ್ವತವಾಗಿ ವಹಿಸಿಕೊಟ್ಟಿರುತ್ತೇನೆ’ ಅಂತ ಒಂದು ವಾಕ್ಯ. ಬಳಗದ ಬಹುತೇಕರು ಗುಂಪಿನಲ್ಲೇ ‘ಸಹಿ ಮಾಡಿದೆ’ ಅಂತ ಹಾಕುತ್ತಿದ್ದರು. ನಾನು ಪರಿಚಯದ ವಕೀಲರೊಬ್ಬರಿಗೆ ತೋರಿಸಿದೆ. ಅವರು ಹೇಳಿದ್ದನ್ನು ಇಲ್ಲಿ ಹಾಕುತ್ತೇನೆ, ಎಲ್ಲರಿಗೂ ಬೇಕಾದೀತು. ಬರೆದ ಕ್ಷಣದಿಂದ ಹಕ್ಕು ನಮ್ಮದು, ನೋಂದಣಿ ಕಡ್ಡಾಯವಲ್ಲ. ಅದು ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಹಕ್ಕು ವಹಿಸುವುದು ಬರಹದಲ್ಲೇ, ಸಹಿಯೊಂದಿಗೇ ಆಗಬೇಕು, ಬಾಯಿಮಾತು ನಡೆಯುವುದಿಲ್ಲ. 19ನೆಯ ಕಲಮಿನ ಪ್ರಕಾರ ಎಷ್ಟು ಕಾಲ ಅಂತ ಬರೆಯದಿದ್ದರೆ ಐದು ವರ್ಷ ಅಂತ, ಎಲ್ಲಿಯವರೆಗೆ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ ತಿಳಿಯಬೇಕು. ಶಾಶ್ವತ ಅಂತ ಬರೆದುಕೊಟ್ಟರೆ ಐದು ವರ್ಷದ ಈ ರಕ್ಷಣೆ ಇಲ್ಲ. ಅಂದರೆ ನನ್ನ ಎಂಟನೆತ್ತೆಯನ್ನು ನಾನೇ ಮುಂದೊಂದು ಪುಸ್ತಕದಲ್ಲಿ ಹಾಕಿಕೊಳ್ಳಬೇಕಾದರೆ ಅವರ ಅಪ್ಪಣೆ ಬೇಕು!

ಜಗಳ ಆಡದೆ ಒಂದು ವಾಕ್ಯ ಬದಲಿಸಿ ಕಳಿಸಿದೆ: ‘ಈ ಸಂಕಲನದಲ್ಲಿ ಮಾತ್ರ, ಮುದ್ರಣ ಮತ್ತು ಇ-ಪುಸ್ತಕ ರೂಪದಲ್ಲಿ ಪ್ರಕಟಿಸಲು ಅನುಮತಿ ಇದೆ, ಹಕ್ಕು ಲೇಖಕರದೇ, ಒಂದು ವರ್ಷದ ನಂತರ ಲೇಖಕರು ಬೇರೆಡೆ ಪ್ರಕಟಿಸಬಹುದು.’ ಎರಡು ದಿನ ಮೌನ. ಆಮೇಲೆ ‘ಆಗಲಿ, ಎಲ್ಲರಿಗೂ ಇದನ್ನೇ ಮಾಡೋಣ’ ಅಂತ ಬಂತು. ಅವರಿಗೂ ಎಲ್ಲಿಂದಲೋ ಎತ್ತಿದ ನಮೂನೆ ಅದು, ಕೆಟ್ಟ ಉದ್ದೇಶವೇನೂ ಇರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಕೇಳಿದರೆ ಬದಲಾಗುತ್ತದೆ. ಯಾರೂ ಕೇಳುವುದಿಲ್ಲ, ಅಷ್ಟೇ.

ದುಡ್ಡಿನ ವಿಷಯ. 1,200ರ ಜೊತೆಗೆ ತಲೆಗೆ 300 ರೂಪಾಯಿ ‘ಐಎಸ್‌ಬಿಎನ್ ಶುಲ್ಕ’ ಅಂತ ಮಧ್ಯೆ ಒಂದು ಬೇಡಿಕೆ ಬಂತು. ಭಾರತದಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೊಡುವುದು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ, ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ. ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ಇದನ್ನು ಗುಂಪಿನಲ್ಲಿ ಹಾಕಿದ ಮೇಲೆ ಬೇಡಿಕೆ ತಾನಾಗೇ ಕರಗಿತು. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿಯೂ ಇಲ್ಲ. ಬಿಲ್ಲಿನಲ್ಲಿ ಪುಸ್ತಕದ ಬೆಲೆಯ ಮೇಲೆ ತೆರಿಗೆ ಕಂಡರೆ ಕೇಳಿ. ವಂತಿಗೆಗೆ ನಾಲ್ಕು ಪ್ರತಿ ಕೊಟ್ಟರು. 200 ರೂಪಾಯಿ ಮುಖಬೆಲೆಯ ಪುಸ್ತಕ ಲೇಖಕರಿಗೆ 120ಕ್ಕೆ. ಹತ್ತು ಪ್ರತಿ ಬೇರೆ ಕೊಂಡೆ, ಮತ್ತೆ 1,200. ಬಿಡುಗಡೆಗೆ ಊಟದ ವಂತಿಗೆ, ಪ್ರಿಂಟು, ಝೆರಾಕ್ಸು ಸೇರಿ ಮೂರು ಸಾವಿರದ ಒಳಗೆ ಮುಗಿಯಿತು ಅನ್ನಬಹುದು. ಗೌರವಧನದ ಆಸೆ ಇಟ್ಟುಕೊಂಡು ಇಂಥ ಕೆಲಸಕ್ಕೆ ಬರಬೇಡಿ.

ಅಚ್ಚಿನ ಕರಡು ಬಂದಾಗ ಹೊಸ ತಕರಾರು. ಮುದ್ರಣದವರ ಲೆಕ್ಕ ಫಾರಂ ಲೆಕ್ಕ, ಹದಿನಾರು ಪುಟಕ್ಕೆ ಒಂದು ಫಾರಂ. ನಮ್ಮ ಪುಸ್ತಕ 179 ಪುಟಕ್ಕೆ ನಿಂತಿತ್ತು. ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಯಾಕೆ, 176ಕ್ಕೆ ಇಳಿಸಿದರೆ ಹನ್ನೊಂದು ಫಾರಮಿಗೆ ಸರಿಯಾಗಿ ಕೂಡುತ್ತದೆ ಅಂದರು. ಎಲ್ಲರಿಗೂ ಕತ್ತರಿ. ನನ್ನ ಬರಹದಲ್ಲಿ ಹೋಳಿಯ ಪ್ಯಾರಾ ಹೋಯಿತು. ಕಿಲ್ಲಾ ಓಣಿಯ ಕಡೆಯಿಂದ ಹಲಗಿ ಸದ್ದು ಕೇಳುತ್ತಲೇ ಹುಡುಗರೆಲ್ಲ ಹೊರಗೆ, ಹುಡುಗಿಯರೆಲ್ಲ ಮಾಳಿಗೆಗೆ. ಹೋದ ವರ್ಷದವರೆಗೆ ಬಣ್ಣದಲ್ಲಿ ಹೊರಳಾಡಿದವಳು ಆ ವರ್ಷದಿಂದ ಮಾಳಿಗೆಯವಳಾದೆ ಅಂತ ಇತ್ತು. ಬಾಗಲಕೋಟೆಯ ಬರಹದಲ್ಲಿ ಹೋಳಿಯೇ ಇಲ್ಲದಿದ್ದರೆ ಹೇಗೆ ಅಂತ ಓದಿದವರು ಈಗ ನನ್ನನ್ನೇ ಬೈಯುತ್ತಿದ್ದಾರೆ.

ಕರಡು ನೋಡುವವರಿಗೆ: ಮೊದಲು ನಿಮ್ಮ ಹೆಸರು, ಶೀರ್ಷಿಕೆ, ಪರಿವಿಡಿಯ ಪುಟಸಂಖ್ಯೆ, ಫೋಟೊದ ಕೆಳಗಿನ ಪರಿಚಯ ನೋಡಿ. ಬರಹದೊಳಗಿನ ಒಂದು ಒತ್ತು ತಪ್ಪಿದರೆ ಓದುಗರು ಕ್ಷಮಿಸುತ್ತಾರೆ. ನನ್ನ ಫೋಟೊದ ಕೆಳಗೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಪರಿಚಯ ಕೂತಿತ್ತು. ತಿದ್ದಿದ ಮೇಲೂ ಇನ್ನೊಂದು ಕರಡು ಕೇಳಿ ಪಡೆಯಿರಿ, ಒಂದು ಕಡೆ ತಿದ್ದುವಾಗ ಇನ್ನೊಂದು ಕಡೆ ಕೆಡುತ್ತದೆ.

ಬಿಡುಗಡೆಯ ಬಗ್ಗೆ ಹೇಳುವಂಥದ್ದಿಲ್ಲ. ಅತಿಥಿಗಳ ಭಾಷಣ ಉದ್ದ, ಲೇಖಕರಿಗೆ ತಲಾ ಎರಡು ನಿಮಿಷ, ಉಪ್ಪಿಟ್ಟು ಚೆನ್ನಾಗಿತ್ತು.

ಅವ್ವ ಪುಸ್ತಕ ತಿರುವಿ ಹಾಕಿ, ‘ನವನಗರದಾಗ ಎಷ್ಟ ಮಂದಿ ಓದಬಹುದು?’ ಅಂತ ಕೇಳಿದಳು. 1954ರ ಒಂದು ಕಾಯ್ದೆಯಂತೆ ಪ್ರಕಾಶಕರು ಹೊಸ ಪುಸ್ತಕದ ಒಂದೊಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಮೂರು ಗ್ರಂಥಾಲಯಗಳಿಗೂ ಮೂವತ್ತು ದಿನದೊಳಗೆ ಕಳಿಸಬೇಕು ಅಂತ ಹೇಳಿದೆ. ‘ಕಲ್ಕತ್ತಾಕ್ಕ ಹೋದ್ರ ಹೋಗಲಿ, ಬಾಜು ಮನಿಗೆ ಕೊಡಬ್ಯಾಡ’ ಅಂದಳು. ಬಾಜು ಮನೆಯವರು ಆಗಲೇ ಓದಿಯಾಗಿತ್ತು. ಅಲ್ಲಿನ ಅಜ್ಜಿ ತಮ್ಮ ಆರತಿಗೆ ಹಾಡಿದ ಪದ ನನ್ನ ಬರಹದಲ್ಲಿ ಅರ್ಧವೇ ಇದೆ, ಉಳಿದರ್ಧ ಬರೆದುಕೋ ಅಂತ ಕರೆದಿದ್ದಾರೆ, ಹೋಗಬೇಕು.

ಗೆಳತಿಗೆ ಒಂದು ಪ್ರತಿ ಬಸ್ಸಿನ ಪಾರ್ಸಲ್ಲಿನಲ್ಲಿ ಕಳಿಸಿದೆ. ಸಿಕ್ಕ ದಿನ ಫೋನ್ ಮಾಡಿ, ತನ್ನ ಬದಲಿ ಹೆಸರು ಹಿಡಿಸಲಿಲ್ಲ, ಇದಕ್ಕಿಂತ ಚಲೋ ಹೆಸರು ಸಿಗಲಿಲ್ಲೇನು ಅಂತ ಬೈದಳು. ಆಮೇಲೆ ಸಂಕಲನದ ಎರಡನೆಯ ಭಾಗ ಬರುತ್ತದೆಯೇ, ವಿಷಯ ಏನು, ಕಡೆಯ ತಾರೀಖು ಯಾವುದು ಅಂತ ಕೇಳಿದಳು. ‘ಲಗ್ನ ಆದಮ್ಯಾಗಿಂದು ನಾನ ಹೇಳತೀನಿ, ಟೈಪ್ ನೀ ಮಾಡು. ಆದ್ರ ಆ ಒಪ್ಪಂದದ ಹಾಳಿ ಮೊದಲ ಕಳಸು, ನನ್ನ ಮಗಾ ಓದಿ ಹೇಳತಾನ.’